ಅಡುಗೆಮನೆಗೂ ಭಾನುವಾರ ಬೇಡವೇ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ ಓದಿ ಸಿಟ್ಟು ತಡೆಯಲಾಗಲಿಲ್ಲ. ಕ್ಯಾಥೊಲಿಕ್ ಮನೆ, ಸ್ವಲ್ಪ ಅಡಿಕೆ ತೋಟ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲವೂ ಮೆಣಸಿನ ಕೊಯ್ಲೂ ಒಟ್ಟಿಗೇ ಬರುತ್ತವೆ. ಏಣಿ ಹತ್ತುವ ಆಳು ಸಿಗುವುದೇ ಭಾನುವಾರ ಎನ್ನುತ್ತಾರೆ ಗಂಡ. ಸಬ್ಬತ್, ಅಂದರೆ ಕೆಲಸ ಬಿಟ್ಟು ದೇವರಿಗೆ ಮೀಸಲಿಟ್ಟ ವಿಶ್ರಾಂತಿಯ ದಿನ, ಮುರಿಯಬಾರದು, ಅದೂ ತಪಸ್ಸುಕಾಲದಲ್ಲಿ, ಎನ್ನುತ್ತಾರೆ 67ರ ಅತ್ತೆ. ಅವರದು ಸಕ್ಕರೆ ಕಾಯಿಲೆ, ಮಾತ್ರೆ ನುಂಗಿ ಭಾನುವಾರವೂ ಉಪವಾಸ. ಶಿವಮೊಗ್ಗದಿಂದ ನಾದಿನಿ ವಾರವಾರ ಬಂದು ಅಮ್ಮನ ಪರ ವಾದಿಸುತ್ತಾಳೆ. "ನಾನು ಯಾರ ಪರ ನಿಲ್ಲಲಿ?" ಎಂದು ಕೇಳಿದ್ದೀರಿ.

ನೋಡಿ ತಂಗಿ, ಪತ್ರದ ಕೊನೆಯಲ್ಲಿ ಬರೆದೂ ಬರೆಯದ ಹಾಗೆ ಒಂದು ಸಾಲು ಸೇರಿಸಿದ್ದೀರಿ: "ನನಗಂತೂ ಈಗ ಭಾನುವಾರ ಪೂಜೆಗೆ ಹೋಗಲು ಆಗುವುದಿಲ್ಲ, ಆಳುಗಳ ತಿಂಡಿ ಇರುತ್ತದೆ." ಇಡೀ ಪತ್ರ ಇರುವುದೇ ಈ ಸಾಲಿನಲ್ಲಿ. ನಾಲ್ಕೂವರೆಗೆ ಎದ್ದು ಅಕ್ಕಿತರಿ ಬೇಯಿಸಿ ಕಡುಬು ಕಟ್ಟುವವರು ನೀವು. ಹತ್ತಕ್ಕೆ ಚಹಾ, ಒಂದಕ್ಕೆ ಊಟ, ನಾದಿನಿಗೆ ಬೇರೆ ಸಾರು. ಅತ್ತೆ ಸಬ್ಬತ್ ಆಚರಿಸಿದರು, ಗಂಡ ಮುರಿದರು, ಇಬ್ಬರ ಕೆಲಸವೂ ನಿಮ್ಮ ಒಲೆಯ ಮೇಲೇ ಬಿತ್ತು.

ಬೈಬಲಿನ ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿ ಸಬ್ಬತ್ತಿನ ಕಟ್ಟಳೆ ಓದಿ. ನೀನೊಬ್ಬ ವಿಶ್ರಾಂತಿ ತೆಗೆದುಕೋ ಎಂದು ಅಲ್ಲಿಲ್ಲ. ಮಗ, ಮಗಳು, ಆಳು, ದನಕರು, ಮನೆಗೆ ಬಂದ ಪರದೇಶಿ, ಎಲ್ಲರಿಗೂ ಬಿಡುವು. ಧರ್ಮೋಪದೇಶಕಾಂಡವಂತೂ ಆಳುಗಳು ನಿನ್ನ ಹಾಗೆಯೇ ದಣಿವಾರಿಸಿಕೊಳ್ಳಲಿ ಎಂದು ಬಿಡಿಸಿ ಹೇಳುತ್ತದೆ. ಕೊಟ್ಟಿಗೆಯ ಎತ್ತಿಗೆ ಸಿಕ್ಕ ರಜೆ ಸೊಸೆಗೆ ಸಿಗದ ಮನೆಯಲ್ಲಿ ಸಬ್ಬತ್ ನಡೆದಿಲ್ಲ. ಅಡುಗೆಮನೆಗೆ ಬಿಡುವಿಲ್ಲದ ಹಬ್ಬ ಹಬ್ಬವೇ ಅಲ್ಲ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ಅತ್ತೆಯ ಮೇಲೆ ನನಗೆ ಕೋಪವಿಲ್ಲ. ಅವರಿಗೆ ಯಾರಾದರೂ ಕೂತು ತಿಳಿಸಬೇಕಿತ್ತು. ತಪಸ್ಸುಕಾಲವೆಂದರೆ ಬೂದಿ ಬುಧವಾರದಿಂದ ಪಾಸ್ಖದ ಹಿಂದಿನ ಶನಿವಾರದವರೆಗೆ 46 ದಿನ. ಆರು ಭಾನುವಾರ ಕಳೆದರೆ 40. ಪ್ರಭು ಪುನರುತ್ಥಾನರಾದ ದಿನ ಭಾನುವಾರ, ಅದು ಉಪವಾಸದ ಲೆಕ್ಕಕ್ಕೇ ಬರುವುದಿಲ್ಲ. 1983ರ ಧರ್ಮಸಭೆಯ ಕಾನೂನಿನಲ್ಲಿ ಉಪವಾಸ ಕಡ್ಡಾಯವಾಗಿರುವುದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಮಾತ್ರ, ಅದೂ 59 ತುಂಬುವವರೆಗೆ. ಮಾತ್ರೆ ತಿಂದು ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಅಂಶ ತೀರಾ ಇಳಿಯಬಹುದು. ಡಾಕ್ಟರಿಗೂ ಫಾದರಿಗೂ ತೋರಿಸಿ ಕೇಳಿಸಿ.

ಇನ್ನು ಗಂಡ. ಬಳ್ಳಿಯಲ್ಲಿರುವ ಮೆಣಸು ಒಂದು ದಿನ ಕಾಯುತ್ತದೆ. ಸೋಮವಾರಕ್ಕೆ ಆಳು ಬೇಕೆಂದರೆ ಕೂಲಿ ಸ್ವಲ್ಪ ಹೆಚ್ಚು ಕೊಡಲಿ. ಅಂಗಳದಲ್ಲಿ ಹರವಿದ ಮೆಣಸಿಗೆ ಮಳೆ ಬಂದರೆ ಬೇರೆ ಮಾತು, ಭಾನುವಾರವಾದರೂ ಎಲ್ಲರೂ ಓಡಿ ಬಾಚಿಕೊಳ್ಳಿ. ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ ದಿನ ಮೇಲೆತ್ತುವುದಿಲ್ಲವೇ ಎಂದು ಯೇಸುಸ್ವಾಮಿಯೇ ಕೇಳಿದ್ದಾರೆ.

ನನ್ನ ಸಿಟ್ಟೆಲ್ಲ ನಾದಿನಿಯ ಮೇಲೆ. ಬಸ್ಸಿಳಿದು ಬಂದು, ಜಗಲಿಯಲ್ಲಿ ಕೂತು ಧರ್ಮ ಹೇಳಿ, ನೀವು ಬಡಿಸಿದ್ದನ್ನು ಉಂಡು, ತಟ್ಟೆಯನ್ನು ಅಲ್ಲೇ ಬಿಟ್ಟು ಏಳುವವಳಿಗೆ ಸಬ್ಬತ್ ಬಗ್ಗೆ ಬಾಯಿ ತೆರೆಯುವ ಹಕ್ಕಿಲ್ಲ. ಹಸಿದ ತಾಯಿಗೆ ಒಂದು ತುತ್ತು ತಿನ್ನಿಸುವ ಯೋಚನೆಯೂ ಅವಳಿಗೆ ಬರಲಿಲ್ಲವಲ್ಲ!

ನೀವು ಯಾರ ಪರವೂ ನಿಲ್ಲಬೇಡಿ. ಮರಳುಗಾಡಿನಲ್ಲಿ ಆಕಾಶದಿಂದ ಮನ್ನ ಎಂಬ ಆಹಾರ ಬಿದ್ದ ಕಾಲದಲ್ಲಿ ಸಬ್ಬತ್ತಿನ ಅಡುಗೆಯನ್ನು ಹಿಂದಿನ ದಿನವೇ ಬೇಯಿಸಿಡಿ ಎಂದು ಮೋಶೆ ಹೇಳಿದ್ದ. ನೀವೂ ಶನಿವಾರ ಸಂಜೆಯೇ ಮಾಡಿಡಿ, ಕಾಯಿ ತುರಿಯಲು ಗಂಡನನ್ನು ಕೂರಿಸಿ. ಭಾನುವಾರ ಬೆಳಿಗ್ಗೆ ಒಲೆ ಹಚ್ಚದೆ ಅತ್ತೆಯ ಜೊತೆ ಪೂಜೆಗೆ ಹೊರಡಿ. ಮಧ್ಯಾಹ್ನ ನಾದಿನಿ ಊಟಕ್ಕೇನು ಎಂದರೆ ಪಾತ್ರೆ ಎಲ್ಲಿದೆ ಎಂದು ತೋರಿಸಿ, ಬಿಸಿ ಮಾಡಿ ಎಲ್ಲರಿಗೂ ಬಡಿಸಲು ಹೇಳಿ.