ಮೈಕಟ್ಟು ನೋಡಿಕೊಂಡು ವರ್ಕೌಟ್ ಬದಲಿಸಬೇಕಾ?

ವರ್ಕೌಟ್ ಹೆಚ್ಚುಕಮ್ಮಿ ಎಲ್ಲರಿಗೂ ಒಂದೇ, ಬದಲಾಗಬೇಕಾದದ್ದು ಊಟ. ಜಿಮ್‌ನಲ್ಲಿ ಹೇಳುವ ಎಕ್ಟೋಮಾರ್ಫ್ (ಸಣಕಲು), ಮೆಸೋಮಾರ್ಫ್ (ಗಟ್ಟಿಮುಟ್ಟು), ಎಂಡೋಮಾರ್ಫ್ (ದುಂಡು ಮೈ) ಅನ್ನೋ ವಿಂಗಡಣೆ 1940ರ ಸುಮಾರಿಗೆ ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮಾಡಿದ್ದು, ಅದೂ ಮೈಕಟ್ಟು ನೋಡಿ ಸ್ವಭಾವ ಹೇಳುವುದಕ್ಕೆ! ಸ್ನಾಯು ಯಾರದ್ದಾದರೂ ಬೆಳೆಯುವುದು ಭಾರವನ್ನೋ ರೆಪ್ಸನ್ನೋ (ಒಂದು ವ್ಯಾಯಾಮವನ್ನು ಎಷ್ಟು ಸಲ ಮಾಡುತ್ತೀರೋ ಅದು) ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದಾಗ, ಪ್ರೋಟೀನ್ ಸಾಕಷ್ಟು ತಿಂದಾಗ (ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 1.6 ಗ್ರಾಂ), ಚೆನ್ನಾಗಿ ನಿದ್ದೆ ಮಾಡಿದಾಗ. ಸಣಕಲು ಇರುವವರು ಎರಡು ಮೊಟ್ಟೆ, ಒಂದು ಹಿಡಿ ಕಡಲೆಬೀಜ ಜಾಸ್ತಿ ತಿನ್ನಲಿ. ಹೊಟ್ಟೆ ಬಂದವರು ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದು ಬಿಡಲಿ.

ಮೈಕಟ್ಟು ನಿಜವಾಗಿ ಲೆಕ್ಕಕ್ಕೆ ಬರುವುದು ಮೂಳೆಯ ಉದ್ದದಲ್ಲಿ. ತೊಡೆಮೂಳೆ ಉದ್ದ ಇದ್ದವರು ಬಸ್ಕಿ ಥರದ ಸ್ಕ್ವಾಟ್‌ನಲ್ಲಿ ಮುಂದಕ್ಕೆ ಜಾಸ್ತಿ ಬಾಗುತ್ತಾರೆ, ಅದು ತಪ್ಪಲ್ಲ. ಕಷ್ಟ ಅನ್ನಿಸಿದರೆ ಹಿಮ್ಮಡಿ ಕೆಳಗೆ ಜಿಮ್ಮಿನ ತೆಳ್ಳನೆಯ ವೇಯ್ಟ್ ಪ್ಲೇಟ್ ಇಟ್ಟುಕೊಳ್ಳಿ, ಇಲ್ಲಾಂದ್ರೆ ಲೆಗ್ ಪ್ರೆಸ್ (ಕೂತು ಕಾಲಿನಿಂದ ಭಾರ ತಳ್ಳುವ ಮಷೀನು) ಮಾಡಿ.