ಲಿವರ್ ಕ್ಯಾನ್ಸರ್ ಇದ್ದವರಿಗೆ ದವಡೆಯಲ್ಲಿ ಗಡ್ಡೆ ಬಂದರೆ ಅದು ಲಿವರ್‌ನಿಂದಲೇ ಹರಡಿದ್ದಿರಬಹುದೇ?

ಇರಬಹುದು, ಆದರೆ ಅಪರೂಪ. ಲಿವರ್‌ನಲ್ಲೇ ಹುಟ್ಟುವ ಹೆಪಟೋಸೆಲ್ಯುಲರ್ ಕಾರ್ಸಿನೋಮ ಎಂಬ ಕ್ಯಾನ್ಸರ್ ಹೊರಗೆ ಹರಡಿದರೆ ಹೆಚ್ಚಾಗಿ ಕಾಣುವುದು ಶ್ವಾಸಕೋಶದಲ್ಲಿ. ನಂತರ ದುಗ್ಧಗ್ರಂಥಿ (ಲಿಂಫ್ ನೋಡ್), ಮೂಳೆ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ. ದವಡೆ, ಒಸಡು, ಕಣ್ಣುಗುಳಿ, ಚರ್ಮ ಇವೆಲ್ಲ ತೀರಾ ವಿರಳ.

ಲಿವರ್‌ನ ರಕ್ತ ಹೃದಯದ ಬಲಭಾಗದಿಂದ ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಕ್ಯಾನ್ಸರ್ ಕೋಶಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಶ್ವಾಸಕೋಶ ಚೊಕ್ಕವಾಗಿದ್ದೂ ದವಡೆಗೆ ಬಂತೆಂದರೆ ದಾರಿ ಬೇರೆ ಇರಬೇಕು. ಬೆನ್ನುಮೂಳೆಯ ಉದ್ದಕ್ಕೂ ತಲೆಬುರುಡೆಯವರೆಗೆ ಕವಾಟಗಳಿಲ್ಲದ ಅಭಿಧಮನಿಗಳ ಜಾಲವಿದೆ. ಅಂಗರಚನಾ ತಜ್ಞ ಬ್ಯಾಟ್ಸನ್ 1940ರಲ್ಲಿ ಇದನ್ನು ವಿವರಿಸಿದ್ದು. ಕೆಮ್ಮಿದಾಗ, ತಿಣುಕಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ ರಕ್ತ ಆ ಜಾಲಕ್ಕೆ ನುಗ್ಗುತ್ತದೆ; ಅದರೊಂದಿಗೆ ಕ್ಯಾನ್ಸರ್ ಕೋಶಗಳೂ ಶ್ವಾಸಕೋಶ ದಾಟದೆ ತಲೆಯ ಕಡೆ ಸಾಗಬಹುದು.

ಸಾಮಾನ್ಯವಾಗಿ ಗಡ್ಡೆ ಏಳುವುದು ಕೆಳದವಡೆಯ ಹಿಂಭಾಗದಲ್ಲಿ. ಹಲ್ಲು ಅಲ್ಲಾಡುತ್ತದೆ, ಕೆಳತುಟಿ ಮತ್ತು ಗದ್ದ ಜೋಮು ಹಿಡಿಯುತ್ತವೆ. ಈ ಜೋಮನ್ನು ಹಗುರವಾಗಿ ತೆಗೆದುಕೊಳ್ಳಲೇಬೇಡಿ. ಹಲ್ಲಿನ ಕೀವು ಎಂದುಕೊಂಡು ಹಲ್ಲು ಕಿತ್ತರೆ ರಕ್ತ ನಿಲ್ಲದೆ ಹೋಗಬಹುದು: ಗಡ್ಡೆಯ ತುಂಬ ರಕ್ತನಾಳಗಳಿರುತ್ತವೆ, ಜೊತೆಗೆ ಸಿರೋಸಿಸ್ (ಲಿವರ್ ಗಾಯದ ಕಲೆಗಳಿಂದ ಗಟ್ಟಿಯಾಗಿರುವುದು) ಇದ್ದರೆ ಪ್ಲೇಟ್‌ಲೆಟ್ಟೂ ಕಡಿಮೆ, ಹೆಪ್ಪುಗಟ್ಟಿಸುವ ಪ್ರೋಟೀನೂ ಕಡಿಮೆ. ಆದ್ದರಿಂದ ದಂತವೈದ್ಯರಿಗೆ ಲಿವರ್ ಕಾಯಿಲೆಯ ವಿಷಯ ಮೊದಲೇ ಹೇಳಿ. ಬಯಾಪ್ಸಿಗೆ (ಪರೀಕ್ಷೆಗಾಗಿ ಗಡ್ಡೆಯ ತುಣುಕು ತೆಗೆಯುವುದು) ಮುಂಚೆ ಪ್ಲೇಟ್‌ಲೆಟ್ ಎಣಿಕೆ, ರಕ್ತ ಹೆಪ್ಪುಗಟ್ಟುವ ವೇಗ ತೋರಿಸುವ ಐಎನ್‌ಆರ್, ರಕ್ತನಾಳಗಳನ್ನು ಎದ್ದು ತೋರಿಸುವ ಕಾಂಟ್ರಾಸ್ಟ್ ಸಿಟಿ ಸ್ಕ್ಯಾನ್ ಆಗಿರಲಿ.

ತೆಗೆದ ತುಣುಕು ಲಿವರ್ ಕೋಶಗಳನ್ನು ಗುರುತಿಸುವ ಹೆಪ್‌ಪಾರ್-1, ಆರ್ಜಿನೇಸ್-1 ಪರೀಕ್ಷೆಗಳಲ್ಲಿ ಬಣ್ಣ ಹಿಡಿದರೆ ಮೂಲ ಲಿವರ್ ಎನ್ನಲು ಬಲವಾದ ಆಧಾರ. ಲಿವರ್ ಕ್ಯಾನ್ಸರ್‌ನಲ್ಲಿ ಹಲವು ಸಲ ಏರುವ ಎಎಫ್‌ಪಿ ಎಂಬ ಪ್ರೋಟೀನಿನ ಮಟ್ಟ ರಕ್ತದಲ್ಲಿ ಸಹಜವಾಗಿದೆ ಎಂದಮಾತ್ರಕ್ಕೆ ಅನುಮಾನ ಬಿಡಬಾರದು. ನೋವಿಗೂ ರಕ್ತಸ್ರಾವಕ್ಕೂ ರೇಡಿಯೋಥೆರಪಿ ನೆರವಾಗುತ್ತದೆ.