ಓದಿದ್ದೆಲ್ಲ ಪರೀಕ್ಷೆಯಲ್ಲಿ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಪದವಿಯ ಎರಡನೇ ವರ್ಷದಲ್ಲಿದ್ದೇನೆ. ದಿನಕ್ಕೆ ಏಳೆಂಟು ಗಂಟೆ ಓದುತ್ತೇನೆ, ನೋಟ್ಸನ್ನು ಮತ್ತೆ ಮತ್ತೆ ತಿರುವಿಹಾಕುತ್ತೇನೆ. ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ತಲೆ ಖಾಲಿ. ಓದಿದಷ್ಟೂ ಒತ್ತಡ ಹೆಚ್ಚುತ್ತಿದೆ. ಏಕೆ?

ಉತ್ತರ: ನಿಮ್ಮ ಶ್ರಮದಲ್ಲಿ ಕೊರತೆಯಿಲ್ಲ, ಓದುವ ರೀತಿ ಕೈಕೊಡುತ್ತಿದೆ. ಓದಿದ್ದನ್ನೇ ಓದಿದಾಗ ಸಾಲುಗಳು ಪರಿಚಿತವೆನಿಸುತ್ತವೆ, 'ಇದು ಬರುತ್ತದೆ' ಎಂದು ಮುಂದೆ ಹೋಗುತ್ತೇವೆ. ಪುಸ್ತಕ ಮುಚ್ಚಿದಾಗ ಎಷ್ಟು ಬರುತ್ತದೆ ಎಂಬುದು ಮೊದಲ ಸಲ ಗೊತ್ತಾಗುವುದೇ ಪರೀಕ್ಷೆಯ ಕೊಠಡಿಯಲ್ಲಿ. ಗಾಬರಿ ಹುಟ್ಟುವುದು ಅಲ್ಲಿ.

ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ನೋಡಿ. ಪಾಠವನ್ನು ಎರಡು ಸಲ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ವಾರ ಕಳೆದಾಗ ಅವರಿಗೆ ನೆನಪಿದ್ದದ್ದು ಸುಮಾರು ಶೇ 42. ಒಮ್ಮೆ ಓದಿ, ಒಮ್ಮೆ ನೋಡದೆ ಬರೆದವರಿಗೆ ಶೇ 56.

ಹೀಗೆ ಮಾಡಿ: ಒಂದು ವಿಷಯ 25 ನಿಮಿಷ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ 10 ನಿಮಿಷ ಬರೆಯಿರಿ. ತೆರೆದು ನೋಡಿ, ಬಿಟ್ಟದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಿ. ಮರುದಿನ, ನಾಲ್ಕನೇ ದಿನ, ವಾರದ ನಂತರ ಮತ್ತೆ ನೋಡದೆ ಬರೆಯಿರಿ. ಆಮೇಲೆ ಓದಬೇಕಾದದ್ದು ಕೆಂಪು ಭಾಗ ಮಾತ್ರ. ಮೊದಲ ವಾರ ಅರ್ಧ ಹಾಳೆ ಖಾಲಿಯೇ ಉಳಿಯುತ್ತದೆ. ಹೆಚ್ಚಿನವರು ಇಲ್ಲೇ ಕೈಬಿಡುತ್ತಾರೆ. ದಯವಿಟ್ಟು ಬಿಡಬೇಡಿ, ಈ ಖಾಲಿ ಜಾಗಕ್ಕೆ ಯಾರೂ ಅಂಕ ಕಳೆಯುವುದಿಲ್ಲ.

ರಾತ್ರಿ ನಿದ್ದೆಗೆಟ್ಟು ಓದುವುದೂ ನಷ್ಟವೇ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗಲು ನಿದ್ದೆ ಬೇಕು. ಕಾಫಿಯ ಕೆಫೀನ್ ಐದು ಗಂಟೆ ಕಳೆದರೂ ಸುಮಾರು ಅರ್ಧದಷ್ಟು ದೇಹದಲ್ಲೇ ಇರುತ್ತದೆ. ಸಂಜೆಯ ನಂತರ ಬೇಡ.

ಪ್ರಶ್ನೆ: ಪ್ರಾಜೆಕ್ಟ್ ವರದಿ ಪ್ರತಿ ಸಲವೂ ಕೊನೆಯ ರಾತ್ರಿಗೇ ಬರುತ್ತದೆ. ಇದು ಸೋಮಾರಿತನವೇ?

ಉತ್ತರ: ಬಹುಪಾಲು ಅಂದಾಜಿನ ತಪ್ಪು. 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನದಲ್ಲಿ ಮುಗಿಯುತ್ತದೆ ಎಂದಿದ್ದರು, ಹಿಡಿದದ್ದು 55ಕ್ಕೂ ಹೆಚ್ಚು. ಈ ಸಲ ಎಷ್ಟು ಬೇಕಾದೀತು ಎಂದು ಊಹಿಸಬೇಡಿ, ಹಿಂದಿನ ವರದಿಗೆ ನಿಜವಾಗಿ ಎಷ್ಟು ದಿನ ಹಿಡಿಯಿತು ಎಂಬುದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೊದಲ ವಾರದಲ್ಲೇ ಎರಡು ಪುಟದ ಕರಡನ್ನು ಮಾರ್ಗದರ್ಶಕರಿಗೆ ತೋರಿಸಿ. ವಿಷಯದ ವ್ಯಾಪ್ತಿ ಅತಿಯಾಗಿದ್ದರೆ ಆಗಲೇ ಮೊಟಕುಗೊಳಿಸಬಹುದು.

ಎರಡು ವಾರ ನಿದ್ದೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ಅದು ವೇಳಾಪಟ್ಟಿಯಿಂದ ಸರಿಹೋಗುವ ಒತ್ತಡವಲ್ಲ. ಬದುಕು ಬೇಡವೆನಿಸಿದ ದಿನವೇ ನಂಬಿಕೆಯವರೊಬ್ಬರಿಗೆ ಹೇಳಿ, ಅವರನ್ನು ಜೊತೆಗೆ ಕರೆದುಕೊಂಡು ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ.